ನೋಯದ ಕಲ್ಲಿಗೆ ಕಾವಲು

ಬೆಟ್ಟದ ಕಲ್ಲು ಮಾತನಾಡುವುದಿಲ್ಲ. ಮನುಷ್ಯನ ಮೂತ್ರಪಿಂಡದಲ್ಲಿ ಹುಟ್ಟುವ ಕಲ್ಲು ಮಾತ್ರ ಮಾತನಾಡಬಲ್ಲುದು. ಅದರ ಭಾಷೆ ನೋವು. ಸೊಂಟದ ಹಿಂಬದಿಯಿಂದ ಹೊರಟು, ಪಕ್ಕೆಯನ್ನು ಬಳಸಿ, ತೊಡೆಯ ಸಂದಿಯವರೆಗೆ ಹರಿಯುವ ಆ ನೋವನ್ನು ಒಮ್ಮೆ ಉಂಡವರು ಬದುಕಿರುವವರೆಗೂ ಮರೆಯಲಾರರು. ಸಾವಿರಾರು ವರ್ಷಗಳ ಕಾಲ ವೈದ್ಯನಿಗೂ ಕಲ್ಲಿಗೂ ಪರಿಚಯವಾಗುತ್ತಿದ್ದುದು ಈ ನೋವಿನ ಮೂಲಕವೇ. ನೋಯದ ಕಲ್ಲು ಒಡಲಲ್ಲಿ ಇದ್ದರೂ ಒಂದೆ, ಇಲ್ಲದಿದ್ದರೂ ಒಂದೆ ಎಂಬಂತಿತ್ತು.

ಈಗ ಈ ಕ್ರಮ ತಲೆಕೆಳಗಾಗಿದೆ. ನಲವತ್ತು ದಾಟಿದ ಗೃಹಸ್ಥರೊಬ್ಬರು ಯಾವ ಕಾಯಿಲೆಯೂ ಇಲ್ಲದಿದ್ದರೂ, ವರ್ಷಕ್ಕೊಮ್ಮೆ ಮಾಡಿಸುವ ಆರೋಗ್ಯ ತಪಾಸಣೆಗೆಂದು ಹೋಗುತ್ತಾರೆ. ಗೃಹಿಣಿಯೊಬ್ಬರು ಹೊಟ್ಟೆಯುಬ್ಬರವೆಂದು ಸ್ಕ್ಯಾನ್ ಮಾಡಿಸುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ದೊರೆಯುವುದಲ್ಲದೆ, ಕೇಳದ ಪ್ರಶ್ನೆಗೂ ಒಂದು ಉತ್ತರ ವರದಿಯ ಕೊನೆಯ ಸಾಲಿನಲ್ಲಿ ಕಾದು ಕುಳಿತಿರುತ್ತದೆ: ಬಲ ಮೂತ್ರಪಿಂಡದ ಕೆಳಭಾಗದಲ್ಲಿ 4 ಮಿಲಿಮೀಟರ್ ಗಾತ್ರದ ಒಂದು ಕಲ್ಲು. ಅಂದಿನ ರಾತ್ರಿ ಆ ಮನೆಯಲ್ಲಿ ಯಾರಿಗೂ ಊಟ ರುಚಿಸುವುದಿಲ್ಲ. ಮರುದಿನ ಬೆಳಗಾಗುವುದರೊಳಗೆ ನೆರೆಮನೆಯವರು ಬಾಳೆದಿಂಡಿನ ರಸವನ್ನು ಹೇಳಿಯಾಗಿರುತ್ತದೆ. ಭಾವಮೈದುನನಾದವನು “ಸುಮ್ಮನೆ ಒಡೆಸಿಬಿಡಿ, ಭಾವ” ಎಂದು ಸಲಹೆಯಿತ್ತಿರುತ್ತಾನೆ. ವೈದ್ಯರು ಮಾತ್ರ ವರದಿಯನ್ನು ಸಾವಧಾನವಾಗಿ ಓದಿ, “ಈಗೇನೂ ಮಾಡುವುದು ಬೇಡ. ಆರು ತಿಂಗಳು ಬಿಟ್ಟು ಬನ್ನಿ, ಮತ್ತೊಮ್ಮೆ ನೋಡೋಣ” ಎಂದು ಕಳುಹಿಸಿಬಿಡುತ್ತಾರೆ.

ಈ “ನೋಡೋಣ” ಎಂಬ ಮಾತು ಉದಾಸೀನದ್ದೆಂದು ಹಲವರು ಭಾವಿಸುವುದುಂಟು. ಆದರೆ ಅದು ಉದಾಸೀನವಲ್ಲ. ಆಧುನಿಕ ವೈದ್ಯಶಾಸ್ತ್ರ ಬಹು ಕಷ್ಟದಿಂದ ಕಲಿತುಕೊಂಡ ಒಂದು ಶಿಸ್ತು. ಕಲ್ಲನ್ನು ಕಾಲಕಾಲಕ್ಕೆ ಚಿತ್ರದಲ್ಲಿ ಕಂಡು, ಅಳೆದು, ಹಿಂದಿನ ಅಳತೆಯೊಡನೆ ಹೋಲಿಸಿ, ಯಾವಾಗ ಕಾಯಬೇಕು, ಯಾವಾಗ ಕೈಯಿಡಬೇಕು ಎಂದು ನಿರ್ಣಯಿಸುವ ಈ ಕಾವಲಿನ ಕೆಲಸದಲ್ಲಿ ತಪ್ಪಿದರೆ ಎರಡು ಬಗೆಯ ಹಾನಿಯುಂಟು. ಒಂದು, ಬೇಡದ ಚಿಕಿತ್ಸೆಗೆ ಒಡಲನ್ನು ಒಪ್ಪಿಸುವುದು; ಇನ್ನೊಂದು, ಸದ್ದಿಲ್ಲದೆ ಒಂದು ಮೂತ್ರಪಿಂಡವನ್ನೇ ಕಳೆದುಕೊಳ್ಳುವುದು.

ನೋವೇ ಗುರುತಾಗಿದ್ದ ಕಾಲ

ಕಲ್ಲಿನ ಕಥೆ ಮಾನವನ ನಾಗರಿಕತೆಯಷ್ಟೇ ಹಳೆಯದು. 1901ರಲ್ಲಿ ಈಜಿಪ್ಟಿನ ಎಲ್ ಅಮ್ರಾ ಎಂಬಲ್ಲಿ ಎಲಿಯಟ್ ಸ್ಮಿತ್ ಎಂಬ ಅಂಗರಚನಾಶಾಸ್ತ್ರಜ್ಞನು ಹದಿಹರೆಯದ ಹುಡುಗನೊಬ್ಬನ ಸಮಾಧಿಯನ್ನು ಪರೀಕ್ಷಿಸುತ್ತಿದ್ದಾಗ, ಕಟಿಯ ಮೂಳೆಗಳ ನಡುವೆ ಮೂತ್ರಕೋಶದ ಕಲ್ಲೊಂದು ದೊರೆಯಿತು. ಅದರ ವಯಸ್ಸು ಏಳು ಸಾವಿರ ವರ್ಷಗಳ ಆಸುಪಾಸು. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಕಾದಿರಿಸಿದ್ದ ಆ ಕಲ್ಲು ಎರಡನೆಯ ಮಹಾಯುದ್ಧದ ಬಾಂಬು ದಾಳಿಯಲ್ಲಿ ನಾಶವಾಯಿತು. ಅಷ್ಟು ಸಹಸ್ರ ವರ್ಷ ಮರಳಿನಲ್ಲಿ ಉಳಿದುಬಂದ ವಸ್ತು ಮನುಷ್ಯರ ಕೈಗೆ ಬಂದು ನಲವತ್ತು ವರ್ಷ ಬಾಳಿತು!

ಭಾರತೀಯ ವೈದ್ಯರಿಗೆ ಇದು ‘ಅಶ್ಮರಿ’. ಸುಶ್ರುತ ಸಂಹಿತೆಯಲ್ಲಿ ಅಶ್ಮರಿಯನ್ನು ವಾತ, ಪಿತ್ತ, ಕಫ, ಶುಕ್ರಗಳಿಂದ ಹುಟ್ಟುವ ನಾಲ್ಕು ಬಗೆಯೆಂದು ವಿಂಗಡಿಸಿ, ಮೂತ್ರಕೋಶದ ಕಲ್ಲನ್ನು ಶಸ್ತ್ರದಿಂದ ತೆಗೆಯುವ ವಿಧಾನವನ್ನು ವಿಸ್ತಾರವಾಗಿ ಹೇಳಿದೆ. ಶಸ್ತ್ರವನ್ನು ಹಿಡಿಯುವ ಮೊದಲು ವೈದ್ಯನು ಅರಸನ ಅನುಮತಿಯನ್ನು ಪಡೆಯಬೇಕೆಂದೂ ಅಲ್ಲಿ ವಿಧಿಸಿದೆ. ಎಷ್ಟು ಅಪಾಯಕರವಾದ ಚಿಕಿತ್ಸೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಗ್ರೀಸಿನ ಹಿಪಾಕ್ರಟೀಸನ ಹೆಸರಿನ ಪ್ರತಿಜ್ಞೆಯಲ್ಲಿ ಕಲ್ಲಿಗಾಗಿ ಶಸ್ತ್ರಪ್ರಯೋಗ ಮಾಡಲಾರೆನೆಂದು ವೈದ್ಯನು ಮಾತು ಕೊಡುವುದೂ ಇದೇ ಭಯದಿಂದ.

ಇಂಗ್ಲೆಂಡಿನ ಪ್ರಸಿದ್ಧ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ಇಪ್ಪತ್ತೈದನೆಯ ವಯಸ್ಸಿನಲ್ಲಿ, 1658ರ ಮಾರ್ಚ್ 26ರಂದು, ಮೂತ್ರಕೋಶದ ಕಲ್ಲನ್ನು ತೆಗೆಯಿಸಿಕೊಂಡನು. ಅರಿವಳಿಕೆಯೆಂಬುದು ಇನ್ನೂ ಹುಟ್ಟಿರದ ಕಾಲ. ಬದುಕುಳಿದುದೇ ಪುಣ್ಯವೆಂದು ಬಗೆದು, ವರ್ಷವರ್ಷವೂ ಆ ದಿನವನ್ನು ಹಬ್ಬದಂತೆ ಆಚರಿಸುವ ಸಂಕಲ್ಪ ಮಾಡಿದನು. ಕಲ್ಲನ್ನು ಇಡಲು ಒಂದು ಪೆಟ್ಟಿಗೆಯನ್ನೂ ಮಾಡಿಸಿದನು. ಆದರೆ ಕಥೆಯ ಉತ್ತರಾರ್ಧ ಹೆಚ್ಚು ಮಂದಿಗೆ ತಿಳಿಯದು. 1703ರಲ್ಲಿ ಅವನು ತೀರಿಕೊಂಡ ಬಳಿಕ ದೇಹವನ್ನು ತೆರೆದು ನೋಡಿದಾಗ, ಎಡ ಮೂತ್ರಪಿಂಡದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಏಳು ಕಲ್ಲುಗಳಿದ್ದುವು. ಒಟ್ಟು ತೂಕ ನಾಲ್ಕೂವರೆ ಔನ್ಸು. ಅವು ಯಾವಾಗ ಹುಟ್ಟಿದುವು, ಯಾವ ವರ್ಷ ಎಷ್ಟು ಬೆಳೆದುವು ಎಂಬುದನ್ನು ಆ ಕಾಲದ ಯಾವ ವೈದ್ಯನೂ ಹೇಳಲಾರದವನಾಗಿದ್ದ. ಬದುಕಿರುವವನ ಒಡಲನ್ನು ನೋಡುವ ಕಣ್ಣು ಆಗ ಇರಲಿಲ್ಲ.

ಒಡಲೊಳಗಿನ ಬೆಳಕು

ಆ ಕಣ್ಣು ತೆರೆದುದು 1895ರ ನವೆಂಬರಿನಲ್ಲಿ. ಜರ್ಮನಿಯ ವೂರ್ಟ್ಸ್‌ಬರ್ಗಿನಲ್ಲಿ ರಾಂಟ್ಜೆನ್ ಮಹಾಶಯನು ಕ್ಷ-ಕಿರಣಗಳನ್ನು ಕಂಡುಹಿಡಿದಾಗ. ಮರುವರ್ಷವೇ ಗ್ಲಾಸ್ಗೋ ನಗರದ ಜಾನ್ ಮ್ಯಾಕಿನ್‌ಟೈರ್ ಎಂಬ ವೈದ್ಯನು ಮೂತ್ರಪಿಂಡದೊಳಗಿನ ಕಲ್ಲನ್ನು ಕ್ಷ-ಕಿರಣ ಚಿತ್ರದಲ್ಲಿ ತೋರಿಸಿದನು. 1929ರಲ್ಲಿ ಮೋಸೆಸ್ ಸ್ವಿಕ್ ಎಂಬ ತರುಣ ವೈದ್ಯನು ರಕ್ತನಾಳಕ್ಕೆ ಅಯೊಡೀನ್‌ಯುಕ್ತ ದ್ರವವೊಂದನ್ನು ಚುಚ್ಚಿ, ಅದು ಮೂತ್ರದೊಡನೆ ಇಳಿದುಬರುವಾಗ ಮೂತ್ರಮಾರ್ಗವೆಲ್ಲ ಚಿತ್ರದಲ್ಲಿ ಬೆಳಗುವಂತೆ ಮಾಡಿದನು. 1958ರಲ್ಲಿ ಅದೇ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು, ಕಿವಿಗೆ ಕೇಳಿಸದಷ್ಟು ಸೂಕ್ಷ್ಮವಾದ ಧ್ವನಿತರಂಗಗಳನ್ನು ಹೊಟ್ಟೆಯೊಳಕ್ಕೆ ಕಳುಹಿಸಿ, ಮರುದನಿಯಿಂದ ಚಿತ್ರ ಬರೆಯಬಹುದೆಂದು ತೋರಿಸಿದರು. ಇದೇ ಈಗ ಮನೆಮಾತಾಗಿರುವ ಅಲ್ಟ್ರಾಸೌಂಡ್.

1971ರ ಅಕ್ಟೋಬರ್ 1ರಂದು ಲಂಡನ್ನಿನ ಸಮೀಪದ ಆಸ್ಪತ್ರೆಯೊಂದರಲ್ಲಿ, ಗಾಡ್‌ಫ್ರಿ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರನ ಯಂತ್ರವು ಮೊದಲ ರೋಗಿಯ ಮೆದುಳನ್ನು ಹಾಳೆಹಾಳೆಯಾಗಿ ಕತ್ತರಿಸದೆಯೇ ಕತ್ತರಿಸಿದಂತೆ ಚಿತ್ರಿಸಿತು. ಸಿ.ಟಿ. ಸ್ಕ್ಯಾನ್ ಎಂಬ ಈ ಸಾಧನೆಗಾಗಿ ಅವನಿಗೂ ಅಲನ್ ಕಾರ್ಮ್ಯಾಕ್ ಎಂಬ ವಿಜ್ಞಾನಿಗೂ 1979ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1995ರಿಂದೀಚೆಗೆ, ಯಾವ ದ್ರವವನ್ನೂ ಚುಚ್ಚದೆ ಮಾಡುವ ಸಿ.ಟಿ. ಸ್ಕ್ಯಾನೇ ಕಲ್ಲಿನ ಪರೀಕ್ಷೆಗೆ ಅತ್ಯುತ್ತಮವೆಂದು ಮನ್ನಣೆ ಪಡೆದಿದೆ.

ಬೇರೊಂದನ್ನು ಹುಡುಕಹೊರಟಾಗ ಕಲ್ಲು ಕಣ್ಣಿಗೆ ಬೀಳುವುದು ಹೆಚ್ಚಿದುದು ಈ ಯಂತ್ರಗಳು ಊರೂರಿಗೂ ಹರಡಿದ ಮೇಲೆ. ಕಲ್ಲುಗಳೇನೋ ಹಿಂದೆಯೂ ಇದ್ದುವು, ಕಾಣುವವರು ಇರಲಿಲ್ಲ.

ಮೌನದ ಕಾರಣ

ಕಲ್ಲು ಏಕೆ ನೋಯಿಸುತ್ತದೆ, ಏಕೆ ನೋಯಿಸದೆಯೂ ಇರುತ್ತದೆ ಎಂಬುದನ್ನು ತಿಳಿಯಬೇಕಾದರೆ ಮೂತ್ರಪಿಂಡದ ರಚನೆಯನ್ನು ನೆನೆಯಬೇಕು. ಅಂಗೈಯಷ್ಟು ಉದ್ದದ ಈ ಅಂಗದಲ್ಲಿ ಶೋಧಿತವಾದ ಮೂತ್ರ ಮೊದಲು ಪುಟ್ಟ ಪುಟ್ಟ ಬಟ್ಟಲುಗಳಂಥ ಕುಳಿಗಳಿಗೆ ಇಳಿಯುತ್ತದೆ. ಬಟ್ಟಲುಗಳಿಂದ ಆಲಿಕೆಯಂಥ ಒಂದು ಭಾಗಕ್ಕೆ, ಅಲ್ಲಿಂದ ಇಪ್ಪತ್ತೈದು ಸೆಂಟಿಮೀಟರುಗಳಷ್ಟು ಉದ್ದದ ಮೂತ್ರನಾಳದ ಮೂಲಕ ಮೂತ್ರಕೋಶಕ್ಕೆ. ಮೂತ್ರನಾಳದ ಒಳಹರವು ಕೆಲವೇ ಮಿಲಿಮೀಟರುಗಳು.

ಮೂತ್ರದಲ್ಲಿ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಮೊದಲಾದ ಲವಣಗಳು ಕರಗಿರುತ್ತವೆ. ನೀರು ಕಡಿಮೆಯಾಗಿ ಲವಣ ಹೆಚ್ಚಾದರೆ, ಪಾಕ ಹೆಚ್ಚಾದ ಸಕ್ಕರೆ ಪಾತ್ರೆಯ ಅಂಚಿನಲ್ಲಿ ಹರಳುಗಟ್ಟುವಂತೆ, ಅವು ಹರಳುಗಟ್ಟುತ್ತವೆ. 1937ರಲ್ಲಿ ಅಮೆರಿಕದ ಅಲೆಕ್ಸಾಂಡರ್ ರ‍್ಯಾಂಡಲ್ ಎಂಬ ವೈದ್ಯನು, ಬಟ್ಟಲಿನ ಗೋಡೆಯ ಮೇಲೆ ಮೊದಲು ಸುಣ್ಣದ ಒಂದು ಲೇಪ ಮೂಡಿ, ಅದಕ್ಕೆ ಅಂಟಿಕೊಂಡು ಕಲ್ಲು ಬೆಳೆಯುವುದನ್ನು ವಿವರಿಸಿದನು. ಹೀಗೆ ಬಟ್ಟಲಿನಲ್ಲಿ ಕುಳಿತಿರುವವರೆಗೆ ಕಲ್ಲು ಮೂತ್ರದ ದಾರಿಯನ್ನು ಅಡ್ಡಗಟ್ಟುವುದಿಲ್ಲ. ಆದಕಾರಣ ನೋವೂ ಇಲ್ಲ. ಅದು ಕದಲಿ ನಾಳಕ್ಕೆ ಜಾರಿ, ಹಿಂದಿನಿಂದ ಮೂತ್ರ ತುಂಬಿ ಒತ್ತಡ ಹೆಚ್ಚಿದಾಗಲೇ ಆ ಪ್ರಸಿದ್ಧವಾದ ನೋವು. ಎಂದರೆ ನೋವು ಹೇಳುವುದು ಕಲ್ಲಿನ ಗಾತ್ರವನ್ನಲ್ಲ, ಕಲ್ಲಿನ ಸ್ಥಾನವನ್ನು. ನಾಳಕ್ಕೆ ಇಳಿದ ಹೆಸರುಕಾಳಿನಷ್ಟರ ಕಲ್ಲು ಗಟ್ಟಿಗನನ್ನೂ ನೆಲಕ್ಕೆ ಕೆಡಹಬಹುದು. ಬಟ್ಟಲಿನಲ್ಲಿ ಕುಳಿತ ಕಡಲೆಕಾಳಿನಷ್ಟರ ಕಲ್ಲು ವರ್ಷಗಟ್ಟಲೆ ತೆಪ್ಪಗಿರಬಹುದು.

ಎಷ್ಟು ಮಂದಿಯ ಒಡಲಲ್ಲಿ?

ನೋವಿಲ್ಲದ ಕಲ್ಲುಗಳು ಎಷ್ಟು ಸಾಮಾನ್ಯವೆಂಬುದಕ್ಕೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ವೈದ್ಯರು 2010ರಲ್ಲಿ ಪ್ರಕಟಿಸಿದ ಲೆಕ್ಕ ಬಹು ಉಪಯುಕ್ತವಾದುದು. ದೊಡ್ಡ ಕರುಳಿನ ಕ್ಯಾನ್ಸರಿನ ಮುನ್ನೆಚ್ಚರಿಕೆಗಾಗಿ ಸಿ.ಟಿ. ಪರೀಕ್ಷೆಗೆ ಬಂದಿದ್ದ 5047 ಮಂದಿಯ ಚಿತ್ರಗಳಲ್ಲಿ ಅವರು ಮೂತ್ರಪಿಂಡಗಳನ್ನೂ ಪರಿಶೀಲಿಸಿದರು. 395 ಮಂದಿಯಲ್ಲಿ, ಎಂದರೆ ಶೇಕಡ 7.8ರಷ್ಟು ಜನರಲ್ಲಿ, ಕಲ್ಲುಗಳಿದ್ದುವು. ಸರಾಸರಿ ಗಾತ್ರ 3 ಮಿಲಿಮೀಟರ್. ಹತ್ತು ವರ್ಷಗಳ ಆಸ್ಪತ್ರೆಯ ದಾಖಲೆಗಳನ್ನು ತಿರುವಿದಾಗ, ಈ 395 ಮಂದಿಯಲ್ಲಿ ಕಲ್ಲಿನಿಂದ ಒಮ್ಮೆಯಾದರೂ ತೊಂದರೆಗೊಳಗಾದವರು 81 ಮಂದಿ. ಐವರಲ್ಲಿ ಒಬ್ಬರು ಎನ್ನಬಹುದು. ಉಳಿದ ನಾಲ್ವರಿಗೆ ತಮ್ಮ ಒಡಲಲ್ಲಿ ಕಲ್ಲಿದೆಯೆಂಬುದನ್ನು ಹೇಳಿದುದು ಯಂತ್ರವೇ ಹೊರತು ದೇಹವಲ್ಲ.

ಆದರೆ ಎಲ್ಲ ಲೆಕ್ಕಗಳೂ ಇಷ್ಟು ಸಮಾಧಾನ ಕೊಡುವುದಿಲ್ಲ. 1992ರಲ್ಲಿ ಪ್ರಕಟವಾದ ಅಮೆರಿಕದ್ದೇ ಇನ್ನೊಂದು ಅಧ್ಯಯನದಲ್ಲಿ, ನೋವಿಲ್ಲದ ಕಲ್ಲುಳ್ಳ 107 ಮಂದಿಯನ್ನು ಸರಾಸರಿ 31 ತಿಂಗಳಿಗೂ ಮೀರಿ ಅನುಸರಿಸಿದರು. ಅಷ್ಟರಲ್ಲಿ 34 ಮಂದಿಗೆ ತೊಂದರೆ ಕಾಣಿಸಿಕೊಂಡಿತು. ಐದು ವರ್ಷಗಳಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಜನರಿಗೆ ತೊಂದರೆಯಾಗುವ ಸಂಭವವಿದೆಯೆಂದು ಅವರು ಲೆಕ್ಕ ಹಾಕಿದರು. 2004ರಲ್ಲಿ, ಸರಾಸರಿ ಮೂರು ವರ್ಷಗಳಿಗೂ ಮೀರಿ ಗಮನಿಸಿದ 300 ಪುರುಷರ ವಿಚಾರ ಪ್ರಕಟವಾಯಿತು. ಅವರಲ್ಲಿ ಶೇಕಡ 77ರಷ್ಟು ಮಂದಿಯಲ್ಲಿ ಕಲ್ಲು ಬೆಳೆದೋ, ನೋಯಿಸಿಯೋ, ಚಿಕಿತ್ಸೆ ಬೇಡಿಯೋ ಒಂದಲ್ಲ ಒಂದು ಬಗೆಯಲ್ಲಿ ಮುಂದುವರಿದಿತ್ತು. ಶಸ್ತ್ರಚಿಕಿತ್ಸೆಯೇ ಬೇಕಾದವರು ಶೇಕಡ 26.

ಈ ಲೆಕ್ಕಗಳು ಒಂದನ್ನೊಂದು ಸುಳ್ಳು ಮಾಡುತ್ತವೆಯೆ? ಇಲ್ಲ. ಮೊದಲನೆಯದರಲ್ಲಿದ್ದವರು ಕಲ್ಲಿನ ಯೋಚನೆಯೇ ಇಲ್ಲದೆ ಬಂದ ಸಾಮಾನ್ಯ ಜನ. ಅವರ ಕಲ್ಲುಗಳೂ ಸಣ್ಣವು. ಉಳಿದೆರಡರಲ್ಲಿ ಇದ್ದವರು ಆಗಲೇ ಕಲ್ಲಿನ ವೈದ್ಯರ ಕೈಕೆಳಗೆ ಬಂದಿದ್ದವರು. ಎರಡನ್ನೂ ಕೂಡಿಸಿ ನೋಡಿದರೆ ತಿಳಿಯುವುದಿಷ್ಟು: ಆಕಸ್ಮಿಕವಾಗಿ ಕಂಡ ಕಲ್ಲೆಲ್ಲ ಶತ್ರುವಲ್ಲ, ಆದರೆ ಯಾವ ಕಲ್ಲನ್ನೂ ಮಿತ್ರನೆಂದು ನಂಬಿ ಮರೆತುಬಿಡುವಂತಿಲ್ಲ. ಅದಕ್ಕಾಗಿಯೇ ಕಾವಲು.

ಅಳತೆಯ ಬಲೆ

ಕಾವಲೆಂದರೆ ಅಳತೆ. ಈ ಅಳತೆಯಲ್ಲಿಯೇ ಸೂಕ್ಷ್ಮವಾದ ತೊಡಕುಗಳಿವೆ. ಮೊದಲ ವರ್ಷ 4 ಮಿಲಿಮೀಟರ್ ಎಂದು ಬಂದ ಕಲ್ಲು ಮರುವರ್ಷ 6 ಮಿಲಿಮೀಟರ್ ಎಂದು ಬಂದಿತೆನ್ನಿ. ಮನೆಯವರು ಹೌಹಾರುತ್ತಾರೆ. ಆದರೆ ಮೊದಲ ಸಲ ಅಳೆದುದು ಸಿ.ಟಿ.ಯಲ್ಲಿ, ಎರಡನೆಯ ಸಲ ಅಲ್ಟ್ರಾಸೌಂಡಿನಲ್ಲಿ ಆಗಿದ್ದರೆ, ಕಲ್ಲು ಕೂದಲೆಳೆಯಷ್ಟೂ ಬೆಳೆಯದೆ ಇರುವ ಸಂಭವವುಂಟು. ಧ್ವನಿತರಂಗದ ಚಿತ್ರದಲ್ಲಿ ಕಲ್ಲಿನ ಅಂಚು ಹರಡಿಕೊಂಡಂತೆ ತೋರುವುದರಿಂದ, ಸಣ್ಣ ಕಲ್ಲುಗಳನ್ನು ಅಲ್ಟ್ರಾಸೌಂಡ್ ನಿಜಕ್ಕಿಂತ ದೊಡ್ಡದಾಗಿಯೇ ತೋರಿಸುವುದು ವಾಡಿಕೆ. ಸಿ.ಟಿ.ಯಲ್ಲಿಯೂ ಒಂದೊಂದು ಪದರವನ್ನು 1 ಮಿಲಿಮೀಟರ್ ದಪ್ಪಕ್ಕೆ ತೆಗೆಯುವುದಕ್ಕೂ 5 ಮಿಲಿಮೀಟರ್ ದಪ್ಪಕ್ಕೆ ತೆಗೆಯುವುದಕ್ಕೂ ವ್ಯತ್ಯಾಸವಿದೆ. ದಪ್ಪ ಪದರಗಳ ನಡುವೆ ಪುಟ್ಟ ಕಲ್ಲು ನುಸುಳಿ ತಪ್ಪಿಸಿಕೊಳ್ಳಲೂಬಹುದು. ಒಂದೇ ಚಿತ್ರವನ್ನು ಇಬ್ಬರು ತಜ್ಞರು ಅಳೆದರೂ ಒಂದು ಮಿಲಿಮೀಟರಿನಷ್ಟು ಅಂತರ ಬರುವುದು ಅಪರೂಪವಲ್ಲ.

ಇದಕ್ಕೆ ವಿರುದ್ಧವಾದ ಮೋಸವೂ ಒಂದಿದೆ. 4 ಮಿಲಿಮೀಟರಿನ ಕಲ್ಲು ನಿಜವಾಗಿಯೂ 5 ಮಿಲಿಮೀಟರ್ ಆದರೆ, “ಒಂದೇ ಮಿಲಿಮೀಟರ್ ತಾನೆ!” ಎಂದು ಸಮಾಧಾನ ಪಡುವವರುಂಟು. ಗಣಿತ ಬೇರೆಯೇ ಹೇಳುತ್ತದೆ. ಗುಂಡಗಿನ ವಸ್ತುವಿನ ಘನಗಾತ್ರ ಅದರ ಅಡ್ಡಳತೆಯ ಘನದಂತೆ ಏರುತ್ತದೆ. ನಾಲ್ಕರ ಘನ 64, ಐದರ ಘನ 125. ಅಡ್ಡಳತೆ ಒಂದೇ ಮಿಲಿಮೀಟರ್ ಏರಿದರೂ ಕಲ್ಲಿನ ಪದಾರ್ಥ ಹೆಚ್ಚು ಕಡಿಮೆ ಇಮ್ಮಡಿಯಾಗಿರುತ್ತದೆ. ಆದುದರಿಂದಲೇ ಈಚೆಗೆ ಗಣಕಯಂತ್ರದ ನೆರವಿನಿಂದ ಕಲ್ಲಿನ ಪೂರ್ಣ ಘನಗಾತ್ರವನ್ನೇ ಅಳೆದು ಹೋಲಿಸುವ ಕ್ರಮ ಬಳಕೆಗೆ ಬರುತ್ತಿದೆ.

ಇನ್ನೊಂದು ಪ್ರಶ್ನೆ: ಈ ವರ್ಷ ಕಂಡ ಕಲ್ಲು ಕಳೆದ ವರ್ಷದ ಕಲ್ಲೇ ಎನ್ನುವುದು ಹೇಗೆ? ಹಳೆಯ ಕಲ್ಲು ಸದ್ದಿಲ್ಲದೆ ಮೂತ್ರದೊಡನೆ ಜಾರಿಹೋಗಿ, ಹೊಸದೊಂದು ಬೇರೆ ಬಟ್ಟಲಿನಲ್ಲಿ ಹುಟ್ಟಿರಬಹುದು. ಎರಡು ಕಲ್ಲುಗಳು ಪಕ್ಕಪಕ್ಕದಲ್ಲಿ ಬಂದು ಒಂದಾಗಿ ಕಾಣಿಸಬಹುದು. ಅಲ್ಟ್ರಾಸೌಂಡ್ ವರದಿಯಲ್ಲಿ 2 ಮಿಲಿಮೀಟರಿನ ಕಲ್ಲೆಂದು ಬಂದುದು ಕೆಲವು ವೇಳೆ ಕಲ್ಲೇ ಅಲ್ಲದೆ, ರಕ್ತನಾಳದ ಗೋಡೆಯಲ್ಲಿ ಕುಳಿತ ಸುಣ್ಣವೋ ಕೊಬ್ಬಿನ ಹೊಳಪೋ ಆಗಿರಲೂಬಹುದು. ನಿಜವಾದ ಕಲ್ಲು ಧ್ವನಿತರಂಗವನ್ನು ತಡೆದು ತನ್ನ ಹಿಂದೆ ಕಪ್ಪು ನೆರಳೊಂದನ್ನು ಎಳೆಯುವುದು ಸಾಮಾನ್ಯ. ತೀರ ಸಣ್ಣದಾದರೆ ಆ ನೆರಳೂ ಬೀಳದು. ಆದುದರಿಂದ ಹಿಂದಿನ ವರದಿಯ ಸಂಖ್ಯೆಯನ್ನಷ್ಟೇ ನೋಡದೆ, ಹಿಂದಿನ ಚಿತ್ರವನ್ನೇ ಪಕ್ಕದಲ್ಲಿರಿಸಿಕೊಂಡು ಹೋಲಿಸುವುದು ಸರಿಯಾದ ಮಾರ್ಗ.

ಯಾವ ಯಂತ್ರ, ಎಷ್ಟು ಸಲ?

ಎಲ್ಲಕ್ಕಿಂತ ನಿಖರವಾದುದು ಸಿ.ಟಿ. ಎಂದಮೇಲೆ ಪ್ರತಿಸಲವೂ ಅದನ್ನೇ ಮಾಡಿಸಬಾರದೇಕೆ? ಉತ್ತರ ವಿಕಿರಣದಲ್ಲಿದೆ. ಭೂಮಿ, ಆಕಾಶಗಳಿಂದ ಸಹಜವಾಗಿಯೇ ಪ್ರತಿಯೊಬ್ಬ ಮನುಷ್ಯನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟಿನಷ್ಟು ವಿಕಿರಣ ತಗಲುತ್ತದೆ. ಹೊಟ್ಟೆಯ ಸಾಧಾರಣ ಸಿ.ಟಿ. ಸ್ಕ್ಯಾನ್ ಒಂದರಿಂದ ತಗಲುವುದು ಸುಮಾರು 10 ಮಿಲಿಸೀವರ್ಟ್. ನಲವತ್ತರ ವಯಸ್ಸಿನವರು ಹತ್ತು ವರ್ಷ ವರ್ಷಕ್ಕೊಮ್ಮೆ ಮಾಡಿಸಿದರೆ ನೂರಾಯಿತು. ಒಂದೊಂದರ ಅಪಾಯ ಅತ್ಯಲ್ಪವೇ ಆದರೂ, ಹನಿಗೂಡಿದರೆ ಹಳ್ಳವೆಂಬ ಮಾತನ್ನು ಇಲ್ಲಿ ಮರೆಯಬಾರದು. ಕಲ್ಲಿಗಾಗಿಯೇ ರೂಪಿಸಿದ ‘ಕಡಿಮೆ ಪ್ರಮಾಣದ ಸಿ.ಟಿ.’ಯಲ್ಲಿ ಇದು 4 ಮಿಲಿಸೀವರ್ಟಿಗಿಂತ ಕೆಳಗೆ ಇಳಿಯುತ್ತದೆ, ಸಾಧಾರಣ ಕ್ಷ-ಕಿರಣ ಚಿತ್ರದಲ್ಲಿ ಒಂದಕ್ಕಿಂತಲೂ ಕಡಿಮೆ, ಅಲ್ಟ್ರಾಸೌಂಡಿನಲ್ಲಿ ಸೊನ್ನೆ.

ಆದುದರಿಂದ ಕಾವಲಿನ ದಿನನಿತ್ಯದ ಸಾಧನ ಅಲ್ಟ್ರಾಸೌಂಡ್. ಅದು ಸಣ್ಣ ಕಲ್ಲುಗಳನ್ನು ಬಿಟ್ಟುಬಿಡಬಹುದು. ನಾಳದ ನಡುಭಾಗದ ಕಲ್ಲನ್ನು ಕರುಳಿನ ಗಾಳಿ ಮರೆಮಾಡಬಹುದು. ಆದರೆ ಮೂತ್ರಪಿಂಡ ಊದಿಕೊಂಡಿದೆಯೆ ಇಲ್ಲವೆ ಎಂಬ ಮುಖ್ಯ ಪ್ರಶ್ನೆಗೆ ಚೆನ್ನಾಗಿಯೇ ಉತ್ತರ ಕೊಡುತ್ತದೆ. ಅಮೆರಿಕದ 15 ಆಸ್ಪತ್ರೆಗಳಲ್ಲಿ, ಕಲ್ಲಿನ ನೋವಿನ ಸಂದೇಹದಿಂದ ತುರ್ತುಚಿಕಿತ್ಸೆಗೆ ಬಂದ 2759 ಮಂದಿಯ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲು ಅಲ್ಟ್ರಾಸೌಂಡ್ ಮಾಡಿದವರಿಗೆ, ಮೊದಲೇ ಸಿ.ಟಿ. ಮಾಡಿದವರಿಗಿಂತ ಹೆಚ್ಚಿನ ಅಪಾಯವೇನೂ ಆಗಲಿಲ್ಲ; ವಿಕಿರಣ ಮಾತ್ರ ಕಡಿಮೆಯಾಯಿತು.

ಕ್ಯಾಲ್ಸಿಯಂ ಕಲ್ಲುಗಳಿಗೆ ಸಾಧಾರಣ ಕ್ಷ-ಕಿರಣ ಚಿತ್ರವೂ ಸಾಕು. ಆದರೆ ಯೂರಿಕ್ ಆಮ್ಲದ ಕಲ್ಲು ಆ ಚಿತ್ರದಲ್ಲಿ ಕಾಣುವುದೇ ಇಲ್ಲ. ಸಿ.ಟಿ.ಯಲ್ಲಿ ಅದು ಕಾಣುವುದಷ್ಟೇ ಅಲ್ಲ, ತನ್ನ ಗುರುತನ್ನೂ ಬಿಟ್ಟುಕೊಡುತ್ತದೆ. ಹೌನ್ಸ್‌ಫೀಲ್ಡನ ಹೆಸರಿನ ಮಾನದಲ್ಲಿ ನೀರಿನ ಸಾಂದ್ರತೆ ಸೊನ್ನೆ. ಯೂರಿಕ್ ಆಮ್ಲದ ಕಲ್ಲು ಸಾಮಾನ್ಯವಾಗಿ 500ರ ಒಳಗೆ. ಕ್ಯಾಲ್ಸಿಯಂ ಕಲ್ಲುಗಳು ಬಹುಮಟ್ಟಿಗೆ ಅದಕ್ಕಿಂತ ಮೇಲೆ. ಈ ಭೇದ ಪಂಡಿತರ ಕುತೂಹಲಕ್ಕೆ ಮಾತ್ರವಲ್ಲ. ಏಕೆಂದರೆ ಮೂತ್ರದ ಆಮ್ಲತೆಯನ್ನು ತಗ್ಗಿಸುವ ಔಷಧದಿಂದ ಯೂರಿಕ್ ಆಮ್ಲದ ಕಲ್ಲನ್ನು ಕರಗಿಸಬಹುದು. ಕ್ಯಾಲ್ಸಿಯಂ ಆಕ್ಸಲೇಟಿನ ಕಲ್ಲನ್ನು ಹಾಗೆ ಕರಗಿಸುವ ಔಷಧವಿಲ್ಲ.

ಎಷ್ಟು ಸಲ ಎಂಬುದಕ್ಕೆ ಯುರೋಪಿನ ಮೂತ್ರರೋಗ ತಜ್ಞರ ಸಂಘದ ಸೂತ್ರ ಸರಳವಾದುದು: ಮೊದಲು ಆರು ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ.

ಸದ್ದಿಲ್ಲದ ಅಡ್ಡಗಟ್ಟು

“ನೋವಿದ್ದರೆ ಬರುತ್ತೇನೆ, ಇಲ್ಲದಿದ್ದರೆ ಏಕೆ?” ಎಂದು ಕೇಳುವವರು ಬಹುಮಂದಿ. ಪ್ರಶ್ನೆ ನ್ಯಾಯವಾಗಿಯೇ ತೋರುತ್ತದೆ. ಅದಕ್ಕೆ ಉತ್ತರ ಅಮೆರಿಕದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿದೆ. 110 ಮಂದಿಯ 160 ನೋವಿಲ್ಲದ ಕಲ್ಲುಗಳನ್ನು ವೈದ್ಯರು ಸರಾಸರಿ ಮೂರು ವರ್ಷ ಐದು ತಿಂಗಳ ಕಾಲ ಅನುಸರಿಸಿದರು. ಶೇಕಡ 28ರಷ್ಟು ಕಲ್ಲುಗಳು ತೊಂದರೆ ಕೊಟ್ಟುವು. ಕೆಳಬಟ್ಟಲುಗಳಲ್ಲಿ ಕುಳಿತವು ಮೇಲಿನವುಗಳಿಗಿಂತ ಸಾಧುವಾಗಿದ್ದುವು. ಆದರೆ ಮೂರು ಕಲ್ಲುಗಳು ಮಾತ್ರ ಎಳ್ಳಷ್ಟೂ ನೋವನ್ನುಂಟುಮಾಡದೆ ನಾಳಕ್ಕಿಳಿದು ದಾರಿಯನ್ನು ಅಡ್ಡಗಟ್ಟಿದ್ದುವು. ಕಾಲಕಾಲದ ಚಿತ್ರಗಳಿದ್ದುದರಿಂದಲೇ ಅವು ಸಿಕ್ಕಿಬಿದ್ದುವು.

160ರಲ್ಲಿ ಮೂರು ಎಂದರೆ ನೂರಕ್ಕೆ ಎರಡು, ಅಲ್ಪವೇ ಸರಿ. ಆದರೆ ಹೀಗೆ ಅಡ್ಡಗಟ್ಟಿದ ಮೂತ್ರಪಿಂಡ ಒಳಗೊಳಗೇ ಉಬ್ಬಿ, ತೆಳುವಾಗಿ, ಕೊನೆಗೆ ನೀರಿನ ಚೀಲದಂತಾಗಿ ಕೆಲಸವನ್ನೇ ನಿಲ್ಲಿಸಬಹುದು. ಇನ್ನೊಂದು ಮೂತ್ರಪಿಂಡ ಎರಡರ ಕೆಲಸವನ್ನೂ ಹೊರುವುದರಿಂದ ಮನುಷ್ಯನಿಗೆ ಇದರ ಸುಳಿವೇ ಸಿಗುವುದಿಲ್ಲ. ನೋವು ಎಂತಹ ಕ್ರೂರಿಯಾದರೂ ನಂಬಿಕೆಯ ಕಾವಲುಗಾರನೆಂದು ತಿಳಿದಿದ್ದವರಿಗೆ ಈ ಸಂಗತಿ ಒಂದು ಎಚ್ಚರಿಕೆ. ಕಾವಲುಗಾರನೂ ಒಮ್ಮೊಮ್ಮೆ ನಿದ್ರೆ ಹೋಗುತ್ತಾನೆ.

ಕಾಯುವುದೆ, ತೆಗೆಯುವುದೆ?

ಹಾಗಾದರೆ ಕಂಡ ಕೂಡಲೆ ತೆಗೆದುಬಿಡುವುದೇ ಲೇಸಲ್ಲವೆ? ಇದನ್ನೂ ವೈದ್ಯರು ಪರೀಕ್ಷಿಸಿ ನೋಡಿದ್ದಾರೆ. 1980ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ, ದೇಹದ ಹೊರಗಿನಿಂದಲೇ ಆಘಾತ ತರಂಗಗಳನ್ನು ಕಳುಹಿಸಿ ಕಲ್ಲನ್ನು ಪುಡಿಮಾಡುವ ಯಂತ್ರ ಮೊದಲ ಬಾರಿಗೆ ರೋಗಿಯ ಮೇಲೆ ಬಳಕೆಯಾಯಿತು. ಇದನ್ನು ನಿರ್ಮಿಸಿದ ಡಾರ್ನಿಯರ್ ಸಂಸ್ಥೆ ವಿಮಾನ ತಯಾರಿಕೆಗೆ ಹೆಸರಾದುದು. ಇಷ್ಟು ಸುಲಭದ ಉಪಾಯವಿರುವಾಗ ನೋವಿಲ್ಲದ ಸಣ್ಣ ಕಲ್ಲುಗಳನ್ನೂ ಮುಂಚಿತವಾಗಿಯೇ ಒಡೆದರೆ ಹೇಗೆ ಎಂದು ಬ್ರಿಟನ್ನಿನ ವೈದ್ಯರು 228 ಮಂದಿಯನ್ನು ಎರಡು ಗುಂಪು ಮಾಡಿ ನೋಡಿದರು. 2001ರಲ್ಲಿ ಬಂದ ಫಲಿತಾಂಶ ಉತ್ಸಾಹವನ್ನು ತಗ್ಗಿಸುವಂತಿತ್ತು. ಸರಾಸರಿ ಎರಡು ವರ್ಷಗಳ ಬಳಿಕ ಕಲ್ಲಿನಿಂದ ಪೂರ್ಣ ಮುಕ್ತರಾದವರು ಒಡೆಸಿಕೊಂಡವರಲ್ಲಿ ಶೇಕಡ 28, ಸುಮ್ಮನೆ ಕಾದವರಲ್ಲಿ ಶೇಕಡ 17. ಈ ಅಂತರ ನಿರ್ಣಾಯಕವೆನ್ನುವಷ್ಟು ದೊಡ್ಡದಾಗಿರಲಿಲ್ಲ.

2022ರಲ್ಲಿ ಅಮೆರಿಕದಿಂದ ಬಂದ ಇನ್ನೊಂದು ಫಲಿತಾಂಶ ಬೇರೊಂದು ಪಾಠ ಕಲಿಸಿತು. ಒಂದು ದೊಡ್ಡ ಕಲ್ಲಿಗಾಗಿ ಹೇಗೂ ಶಸ್ತ್ರಚಿಕಿತ್ಸೆಗೆ ಒಳಗಾಗುತ್ತಿದ್ದ 73 ಮಂದಿಯಲ್ಲಿ, ಜೊತೆಗಿದ್ದ 6 ಮಿಲಿಮೀಟರ್‌ವರೆಗಿನ ನೋವಿಲ್ಲದ ಕಲ್ಲುಗಳನ್ನು ಒಂದು ಗುಂಪಿನವರಿಗೆ ಅದೇ ವೇಳೆಯಲ್ಲಿ ತೆಗೆದರು. ಇನ್ನೊಂದು ಗುಂಪಿನವರಿಗೆ ಹಾಗೆಯೇ ಬಿಟ್ಟರು. ನಾಲ್ಕು ವರ್ಷಗಳಿಗೂ ಮೀರಿ ಗಮನಿಸಿದಾಗ, ತೆಗೆದವರಲ್ಲಿ ಮತ್ತೆ ಕಲ್ಲಿನ ಉಪದ್ರವ ಮರುಕಳಿಸಿದುದು ಶೇಕಡ 16. ಬಿಟ್ಟವರಲ್ಲಿ ಶೇಕಡ 63. ಹೆಚ್ಚಿಗೆ ಹಿಡಿದ ಕಾಲ ಅರ್ಧಗಂಟೆಗಿಂತಲೂ ಕಡಿಮೆ.

ಎರಡು ಫಲಿತಾಂಶಗಳಿಂದ ಹೊರಡುವ ವಿವೇಕ ಸ್ಪಷ್ಟವಾಗಿದೆ. ಹೇಗೂ ಬಾಗಿಲು ತೆರೆದಿರುವಾಗ ಮನೆಯನ್ನು ಪೂರ್ತಿ ಗುಡಿಸುವುದು ಲೇಸು. ಒಂದು ಹರಳಿಗಾಗಿ ಮುಚ್ಚಿದ ಬಾಗಿಲನ್ನು ಒಡೆಯುವುದು ಲೇಸಲ್ಲ. ಕಲ್ಲು ಗಮನಾರ್ಹವಾಗಿ ಬೆಳೆಯುತ್ತಿದ್ದರೆ, ಮೂತ್ರದ ಹರಿವನ್ನು ತಡೆದಿದ್ದರೆ, ಪದೇ ಪದೇ ಸೋಂಕು ತರುತ್ತಿದ್ದರೆ, ನೋವು ತೊಡಗಿದರೆ, ಇರುವುದು ಒಂದೇ ಮೂತ್ರಪಿಂಡವಾಗಿದ್ದರೆ ವೈದ್ಯರು ಕಾಯುವ ಮಾತನ್ನು ಬಿಟ್ಟು ಚಿಕಿತ್ಸೆಯ ಮಾತನ್ನು ತೆಗೆಯುತ್ತಾರೆ. ವೈದ್ಯರ ನೆರವು ಬೇಗನೆ ದೊರೆಯದ ಸ್ಥಳಗಳಲ್ಲಿ ತಿಂಗಳುಗಟ್ಟಲೆ ಸಂಚರಿಸುವವರ ವಿಷಯದಲ್ಲಿಯೂ ಹಾಗೆಯೇ.

ಕಲ್ಲು ನಾಳಕ್ಕೆ ಇಳಿದರೂ ಎದೆಗುಂದಬೇಕಾಗಿಲ್ಲ. 2002ರಲ್ಲಿ ಪ್ರಕಟವಾದ ಲೆಕ್ಕದಂತೆ, ನಾಳಕ್ಕಿಳಿದ ಕಲ್ಲುಗಳಲ್ಲಿ 2ರಿಂದ 4 ಮಿಲಿಮೀಟರಿನವು ನೂರಕ್ಕೆ 76, 5ರಿಂದ 7 ಮಿಲಿಮೀಟರಿನವು ನೂರಕ್ಕೆ 60 ತಾವಾಗಿಯೇ ಹೊರಬಿದ್ದುವು. 9ನ್ನು ಮೀರಿದವು ಮಾತ್ರ ನೂರಕ್ಕೆ 25. ವರದಿಯ ಒಂದೊಂದು ಮಿಲಿಮೀಟರಿಗೂ ಬೆಲೆಯಿರುವುದು ಇದಕ್ಕೇ.

ಮನೆಯವರ ಪಾಲಿನ ಕೆಲಸ

ಕಾವಲಿನ ಅರ್ಧ ಕೆಲಸ ಆಸ್ಪತ್ರೆಯದಾದರೆ ಉಳಿದರ್ಧ ಅಡುಗೆಮನೆಯದು. ಇಟಲಿಯ ವೈದ್ಯರು ಮೊದಲ ಬಾರಿಗೆ ಕಲ್ಲಿನ ಬಾಧೆಗೊಳಗಾದ 199 ಮಂದಿಯನ್ನು ಐದು ವರ್ಷ ಗಮನಿಸಿ 1996ರಲ್ಲಿ ಪ್ರಕಟಿಸಿದಂತೆ, ದಿನಕ್ಕೆ ಎರಡು ಲೀಟರಿಗೂ ಮೀರಿ ಮೂತ್ರ ಬರುವಷ್ಟು ನೀರು ಕುಡಿದವರಲ್ಲಿ ಕಲ್ಲು ಮರುಕಳಿಸಿದುದು ಶೇಕಡ 12. ಎಂದಿನಂತೆ ಕುಡಿದವರಲ್ಲಿ ಶೇಕಡ 27. ಬೇಸಿಗೆಯಲ್ಲಿ ಬೆವರಾಗಿ ಹೋಗುವ ನೀರು ಈ ಲೆಕ್ಕಕ್ಕೆ ಸೇರದೆಂಬುದನ್ನು ಬಿಸಿಲ ನಾಡಿನವರು ನೆನಪಿಡಬೇಕು. ಮೂತ್ರದ ಬಣ್ಣ ತಿಳಿಯಾಗಿದ್ದರೆ ಕುಡಿದ ನೀರು ಸಾಲುತ್ತಿದೆಯೆಂದರ್ಥ.

ಕಲ್ಲಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಕೇಳಿ ಹಾಲು, ಮೊಸರು, ರಾಗಿಗಳನ್ನೆಲ್ಲ ತ್ಯಜಿಸುವವರುಂಟು. ಇದು ತಪ್ಪು ದಾರಿ. ಆಹಾರದ ಕ್ಯಾಲ್ಸಿಯಂ ಕರುಳಿನಲ್ಲಿಯೇ ಆಕ್ಸಲೇಟನ್ನು ಹಿಡಿದುಹಾಕಿ ಮಲದೊಡನೆ ಸಾಗಿಸುತ್ತದೆ. ಅದಿಲ್ಲದಿದ್ದರೆ ಆಕ್ಸಲೇಟ್ ರಕ್ತಕ್ಕೆ ಸೇರಿ ಮೂತ್ರಕ್ಕೆ ಇಳಿಯುತ್ತದೆ. ಅದೇ ಇಟಲಿಯ ವೈದ್ಯರು 120 ಪುರುಷರಲ್ಲಿ ಐದು ವರ್ಷ ನೋಡಿ 2002ರಲ್ಲಿ ತಿಳಿಸಿದಂತೆ, ಕ್ಯಾಲ್ಸಿಯಂ ಕಡಿಮೆ ಮಾಡಿದವರಲ್ಲಿ 23 ಮಂದಿಗೂ, ಕ್ಯಾಲ್ಸಿಯಮನ್ನು ಹಿತಮಿತವಾಗಿ ಉಂಡು ಉಪ್ಪು, ಮಾಂಸಗಳನ್ನು ತಗ್ಗಿಸಿದವರಲ್ಲಿ 12 ಮಂದಿಗೂ ಕಲ್ಲು ಮರುಕಳಿಸಿತು. ಎರಡು ಗುಂಪುಗಳಲ್ಲಿಯೂ ಅರವತ್ತು ಅರವತ್ತು ಮಂದಿ. ಉಪ್ಪಿನಕಾಯಿ, ಹಪ್ಪಳಗಳ ಮೇಲೆ ಹಿಡಿತವಿಡುವುದು ಹಾಲನ್ನು ಬಿಡುವುದಕ್ಕಿಂತ ಹೆಚ್ಚು ಫಲದಾಯಕ. ಟೊಮೇಟೊ ಹಣ್ಣಿನ ಮೇಲೆ ಜನ ಹೊರಿಸಿರುವ ಅಪವಾದಕ್ಕೆ ಆಧಾರ ಸಾಲದು. ಅದರಲ್ಲಿ ಆಕ್ಸಲೇಟ್ ಕಡಿಮೆ. ಪಾಲಕ್ ಸೊಪ್ಪಿನಲ್ಲಿ ಮಾತ್ರ ಅದು ಧಾರಾಳ. ನಿಂಬೆಯ ಪಾನಕದಲ್ಲಿರುವ ಸಿಟ್ರೇಟ್ ಹರಳುಗಟ್ಟುವುದನ್ನು ತಡೆಯುತ್ತದೆ. ಸಕ್ಕರೆಯನ್ನು ಮಿತಿಯಲ್ಲಿಟ್ಟರೆ ಸರಿ. ಬಾಳೆದಿಂಡಿನ ಪಲ್ಯವನ್ನು ರುಚಿಗಾಗಿ ತಿನ್ನಲು ಅಡ್ಡಿಯಿಲ್ಲ. ಆದರೆ ಅದರ ರಸವನ್ನು ನಂಬಿ ಆರು ತಿಂಗಳ ಚಿತ್ರವನ್ನು ತಪ್ಪಿಸುವುದು ಸಲ್ಲದು.

ಒಂದು ಲಕ್ಷಣವನ್ನು ಮನೆಯವರೆಲ್ಲರೂ ತಿಳಿದಿರಬೇಕು. ಕಲ್ಲುಳ್ಳವರಿಗೆ ಪಕ್ಕೆನೋವಿನೊಡನೆ ಚಳಿಜ್ವರ ಬಂದರೆ, ಅಥವಾ ಮೂತ್ರ ಕಟ್ಟಿಹೋದರೆ, ಅದು ನಾಳೆಯವರೆಗೆ ಕಾಯುವ ವಿಷಯವಲ್ಲ. ಅಡ್ಡಗಟ್ಟಿದ ಮೂತ್ರದಲ್ಲಿ ಸೋಂಕು ಸೇರಿದರೆ ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ಒದಗಬಹುದು. ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು.

ಮನೆಯ ಪತ್ರ, ತೆರಿಗೆಯ ರಸೀದಿಗಳನ್ನು ಜೋಪಾನವಾಗಿಡುವ ಗೃಹಸ್ಥರು ತಮ್ಮ ಒಡಲಿನ ಚಿತ್ರಗಳನ್ನು ಅಷ್ಟೇ ಜೋಪಾನವಾಗಿ ಇಟ್ಟುಕೊಳ್ಳುವುದು ಅಪರೂಪ. ತಾರೀಖನ್ನು ಬರೆದು, ಚಿತ್ರಗಳನ್ನೂ ವರದಿಗಳನ್ನೂ ಒಂದೇ ಕಡತದಲ್ಲಿ ಕ್ರಮವಾಗಿರಿಸಿ, ಸಾಧ್ಯವಾದಷ್ಟು ಒಂದೇ ಕಡೆ, ಒಂದೇ ಬಗೆಯ ಯಂತ್ರದಲ್ಲಿ ಪರೀಕ್ಷೆ ಮಾಡಿಸಿದರೆ ವೈದ್ಯನ ಕೆಲಸ ಅರ್ಧ ಹಗುರವಾಗುತ್ತದೆ. ಒಂದೇ ಚಿತ್ರ ಹೇಳುವುದು ಕಲ್ಲಿದೆಯೆಂಬುದನ್ನು ಮಾತ್ರ. ಸಾಲಾಗಿ ಇರಿಸಿದ ನಾಲ್ಕು ಚಿತ್ರಗಳು ಆ ಕಲ್ಲಿನ ನಡತೆಯನ್ನೇ ಹೇಳುತ್ತವೆ. ಮನುಷ್ಯರಂತೆ ಕಲ್ಲನ್ನೂ ನಡತೆಯಿಂದ ಅಳೆದು ತೀರ್ಮಾನಿಸುವುದೇ ನ್ಯಾಯ.